ಹಿನ್ನೀರಿನ ಮೇಲೆ ಕೋಣೆ ತೇಲಿಸಲು ನನ್ನ ಓಟು ನೀಲಿ ಡ್ರಮ್ಮಿಗೆ

ಮೊದಲೇ ಹೇಳಿಬಿಡುತ್ತೇನೆ. ಶರಾವತಿ ಹಿನ್ನೀರಿನಲ್ಲಿ ತೇಲುವ ಕೋಣೆ ಕಟ್ಟಬೇಕು, ತೇಲಲಿಕ್ಕೆ ಅದರ ಕೆಳಗೆ ಏನು ಹಾಕಲಿ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು. 200 ಲೀಟರಿನದ್ದು, ಎಲ್ಲರ ತೋಟದಲ್ಲೂ ಒಂದೆರಡು ಬಿದ್ದಿರುತ್ತವಲ್ಲ, ಅದೇ. ಕಬ್ಬಿಣದ ಟ್ಯಾಂಕನ್ನು ದುಡ್ಡು ಸುರಿದು ಮಾಡಿಸಿ ಬಳಸಿದ್ದೇನೆ. ಸಿಮೆಂಟಿನ ತೇಲುತೊಟ್ಟಿಯ ಜೊತೆ ನಮ್ಮ ಭಾವನೊಟ್ಟಿಗೆ ಏಗಿದ್ದೇನೆ. ಜೋಡಿಸುವ ಪ್ಲಾಸ್ಟಿಕ್ ಕ್ಯೂಬುಗಳನ್ನು ಬಾಡಿಗೆಗೆ ತಂದು ಹಾಕಿದ್ದೂ ಆಯ್ತು. ಈಗ ಕೋಣೆ ನಿಂತಿರುವುದು ಡ್ರಮ್ಮುಗಳ ಮೇಲೆ.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಲಾಂಚ್ ಕಾಯುವ ಗೋಜಿಲ್ಲ, ಕಾರು ಸೀದಾ ತುಮರಿ ಕಡೆ ಬರುತ್ತದೆ. ಹೋಂಸ್ಟೇ ಇಟ್ಟವರಿಗೆಲ್ಲ ನೀರಿನ ಮೇಲೊಂದು ಕೋಣೆ ಇರಲಿ ಅಂತ ಆಸೆ. ಒಂದು ಮಾತು: ಇದು ವಿದ್ಯುತ್ ನಿಗಮದ ಜಲಾಶಯ, ಸುತ್ತ ಅರಣ್ಯ ಇಲಾಖೆಯ ಜಾಗ. ಅನುಮತಿ ಕೈಗೆ ಬರುವ ಮೊದಲು ಒಂದು ಡ್ರಮ್ಮನ್ನೂ ನೀರಿಗೆ ಇಳಿಸಬೇಡಿ.

ಯಾವುದು ಒಳ್ಳೆಯದು ಅಂತ ಯೋಚಿಸುವ ಮೊದಲು ನಮ್ಮ ನೀರು ಎಂಥದ್ದು ಅಂತ ನೋಡಬೇಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯ ಕೊನೆಗೆ ಅದು 50 ಅಡಿಗೂ ಹೆಚ್ಚು ಇಳಿದುಹೋಗುವ ವರ್ಷಗಳಿವೆ. ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುವುದು ಆಗಲೇ. ನೀರು ತೀರಾ ತಳ ಕಂಡಾಗ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದೂ ಉಂಟು. ಇನ್ನು ದಡ ಅಂದರೆ ಇಳಿಜಾರು. ಆ ಇಳಿಜಾರಿನ ತುಂಬ ಮುಳುಗಡೆಯ ಕಾಲದ ಮರದ ಬೊಡ್ಡೆಗಳು. ಇಷ್ಟು ವರ್ಷವಾದರೂ ಕೊಳೆಯದೆ, ಕಲ್ಲಿನಷ್ಟು ಗಟ್ಟಿಯಾಗಿ ನಿಂತಿವೆ. ನೀವು ತೇಲಿಸಿದ್ದು ಏನೇ ಆಗಿರಲಿ, ಒಂದಲ್ಲ ಒಂದು ಬೇಸಿಗೆ ಹೋಗಿ ಇದರ ಮೇಲೇ ಕೂರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಐಬರ್ಗ್‌ನಲ್ಲಿ ಕಾಂಕ್ರೀಟ್ ತೊಟ್ಟಿಗಳ ಮೇಲೆ ಮಹಡಿ ಮನೆಗಳೇ ತೇಲುತ್ತವೆ, ನಮಗೇಕೆ ಆಗಬಾರದು ಅಂತ ಫೋಟೋ ತೋರಿಸುವವರಿದ್ದಾರೆ. ಅಲ್ಲಿ ನೀರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ನೆಟ್ಟ ಕಂಬಕ್ಕೆ ಮನೆಯನ್ನು ಬಿಗಿದರೆ ಮುಗೀತು. 50 ಅಡಿ ಏರಿಳಿಯುವ ಕಡೆ ಕಂಬ ನೆಡುವುದು ಎಲ್ಲಿಂದ? ನಮ್ಮದೇನಿದ್ದರೂ ಹಗ್ಗ, ಲಂಗರು, ವಾರಕ್ಕೊಮ್ಮೆ ಸಡಿಲಿಸಿ ಬಿಗಿಯುವ ಕೆಲಸ.

ಈಗ ಲೆಕ್ಕ. ನನ್ನ ಅಟ್ಟಣೆ 18 ಅಡಿ ಉದ್ದ, 13 ಅಡಿ ಅಗಲ. ಆಂಗಲ್ ಫ್ರೇಮ್, ಹಲಗೆ ಸೇರಿ ಒಂದು ಟನ್. ಮೇಲಿನ ಕೋಣೆ ಹಗುರದ್ದು, ಬಿದಿರಿನ ತಟ್ಟಿ ಮತ್ತು ಶೀಟು, ಅರ್ಧ ಟನ್. ನೀರಿನ ಟ್ಯಾಂಕು, ಮಂಚ, ಮತ್ತೊಂದು ಮಗದೊಂದು ಅಂತ 300 ಕೆಜಿ. ಹತ್ತು ಜನ ಹತ್ತಿದರೆ 700 ಕೆಜಿ. ಒಟ್ಟು ಎರಡೂವರೆ ಟನ್. 200 ಲೀಟರಿನ ಡ್ರಮ್ ಪೂರ್ತಿ ಮುಳುಗಿದಾಗ 200 ಕೆಜಿ ನೀರನ್ನು ಸರಿಸುತ್ತದೆ. ಅದರ ಸ್ವಂತ ತೂಕ ಕಳೆದರೆ 190 ಕೆಜಿ ಹೊರುತ್ತದೆ. ಅಷ್ಟನ್ನೂ ಬಳಸಿಕೊಳ್ಳಬಾರದು, ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಉಳಿದರ್ಧ ಗಾಳಿ, ಅಲೆ, ಮತ್ತೆ ಸೆಲ್ಫಿಗೆ ಅಂತ ಎಲ್ಲರೂ ಒಂದೇ ಮೂಲೆಗೆ ಓಡುತ್ತಾರಲ್ಲ, ಅದಕ್ಕೆ. ಹೀಗೆ 27 ಡ್ರಮ್ ಬೇಕು. ನಾನು 32 ಹಾಕಿದ್ದೇನೆ, ಎಲ್ಲವನ್ನೂ ಅಂಚಿನ ಕಡೆಗೆ ತಳ್ಳಿ, ನಡುವೆ ಜಾಗ ಬಿಟ್ಟು. ನಡುವಿನ ಡ್ರಮ್ ಭಾರ ಹೊರುತ್ತದೆ ನಿಜ. ವಾಲುವುದನ್ನು ತಡೆಯುವುದು ಅಂಚಿನದ್ದು.

ಕಬ್ಬಿಣದ ಟ್ಯಾಂಕಿನಿಂದ ಶುರುಮಾಡೋಣ. 3 ಮಿಲಿಮೀಟರ್ ತಗಡು, ಅಟ್ಟಣೆಯಷ್ಟೇ ಉದ್ದದ ಎರಡು ಟ್ಯಾಂಕು. ಈ ತಗಡು ಚದರ ಮೀಟರಿಗೆ 23 ಕೆಜಿಗೂ ಜಾಸ್ತಿ ತೂಗುತ್ತದೆ. ಹಾಗಾಗಿ ಒಂದೊಂದು ಟ್ಯಾಂಕೂ ನಾಲ್ಕು ಕ್ವಿಂಟಲ್ ಹತ್ತಿರ. ಭಾರ ಹೊರುವುದರಲ್ಲಿ ಕೊರತೆ ಇರಲಿಲ್ಲ. ಒಳಗೆ ಅಡ್ಡಗೋಡೆ ಕೊಟ್ಟು ನಾಲ್ಕು ಭಾಗ ಮಾಡಿ ಅಂತ ವೆಲ್ಡಿಂಗ್ ಶಾಪಿನವರಿಗೆ ಒತ್ತಿ ಹೇಳಿದ್ದೆ. ಆಯ್ತು ಸಾರ್ ಅಂದರು. ಮಾಡಲಿಲ್ಲ. ಮೇಲೆ ಮುಚ್ಚಿ ಬಣ್ಣ ಬಳಿದ ಮೇಲೆ ಒಳಗೇನಿದೆ ಅಂತ ಯಾರಿಗೆ ಕಾಣುತ್ತದೆ? ಬೆಸುಗೆಯಲ್ಲಿ ಸೂಜಿ ಮೊನೆಯಷ್ಟು ತೂತು ಇತ್ತು. ನೀರು ಸೇರಿತು. ತಟ್ಟೆ ಓರೆ ಮಾಡಿದಾಗ ಸಾರು ಓಡುವ ಹಾಗೆ ಅಷ್ಟೂ ನೀರು ತಗ್ಗಿದ ಕಡೆಗೇ ಓಡಿತು. ಓಡಿದಷ್ಟೂ ಆ ಕಡೆ ಇನ್ನಷ್ಟು ತಗ್ಗು. ಅಡ್ಡಗೋಡೆ ಇದ್ದಿದ್ದರೆ ಒಂದು ಭಾಗಕ್ಕೆ ನಿಲ್ಲುತ್ತಿತ್ತು. ಇನ್ನು ತುಕ್ಕು. ಪೂರ್ತಿ ನೀರಲ್ಲಿರುವ ಭಾಗ ಹೇಗೋ ತಡೆದುಕೊಳ್ಳುತ್ತದೆ. ನೀರೂ ಗಾಳಿಯೂ ಸೇರುವ ಗೆರೆ ಇದೆಯಲ್ಲ, ಅಲ್ಲಿ ಬಣ್ಣ ಎದ್ದು ತುಕ್ಕು ತಿನ್ನುತ್ತದೆ. ಮತ್ತೆ ಬಣ್ಣ ಬಳಿಯಬೇಕು ಅಂದರೆ ಮೇಲಿನ ಕೋಣೆಯನ್ನು ಏನು ಮಾಡುವುದು? ಮಾರಿಬಿಟ್ಟೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಟ್ಟ.

ಸಿಮೆಂಟ್ ತೊಟ್ಟಿ ನನ್ನದಲ್ಲ, ಆಚೆ ದಡದಲ್ಲಿರುವ ಭಾವನದ್ದು. ಕೋಳಿಬಲೆ, ಸಣ್ಣ ಸರಳು, ಅದರ ಮೇಲೆ ಒಂದಿಂಚು ಗಾರೆ, ಒಳಗೆಲ್ಲ ಥರ್ಮೋಕೋಲ್. ಕೆನಡಾದ ವ್ಯಾಂಕೂವರ್ ಕಡೆ ತೇಲುವ ಮನೆಗಳಿಗೆ ಥರ್ಮೋಕೋಲ್ ತುಂಬಿದ ಕಾಂಕ್ರೀಟೇ ಹಾಕುತ್ತಾರೆ. ಭಾವನ ತೊಟ್ಟಿಯ ಗಾರೆ ಚಿಪ್ಪು ಒಂದೇ ಮೂರೂವರೆ ಟನ್ ಆಸುಪಾಸು. ಒಪ್ಪಿಕೊಳ್ಳಲೇಬೇಕು, ಅದರ ಮೇಲೆ ನಡೆಯುವುದೇ ಒಂದು ಸುಖ. ಮನೆಯ ಜಗುಲಿಯಲ್ಲಿದ್ದಂತೆ ಅನ್ನಿಸುತ್ತದೆ. ಅಲೆ ಬಡಿದರೂ ಸದ್ದಿಲ್ಲ, ಅಡಿಯಲ್ಲಿ ತುಕ್ಕಿನ ಗೆರೆ ಇಲ್ಲ. "ಭಾವ, ನಿಮ್ಮದು ಗುಜರಿ, ನನ್ನದು ಮನೆ" ಅಂತ ಅವನು ನನ್ನನ್ನು ರೇಗಿಸುತ್ತಿದ್ದ.

ಬೇಸಿಗೆ ಬಂತು, ನೀರು ಇಳಿಯಿತು, ತೊಟ್ಟಿಯ ಒಂದು ಮೂಲೆ ಬೊಡ್ಡೆಯ ಮೇಲೆ ಕೂತಿತು. ಸಿಮೆಂಟು ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ತಡೆಯುವುದಿಲ್ಲ. ಅಡಿಯಲ್ಲಿ ಉದ್ದಕ್ಕೆ ಸೀಳು ಬಿಟ್ಟಿತು. ಒಳಗೆ ಥರ್ಮೋಕೋಲ್ ಇದ್ದದ್ದರಿಂದ ಮುಳುಗಲಿಲ್ಲ, ಅದು ದೊಡ್ಡ ವಿಷಯವೇ. ಸೀಳಿನಿಂದ ನೀರು ಹೋಗಿ ಬಲೆಗೆ ತುಕ್ಕು ಹಿಡಿಯಿತು, ಬಿಳಿ ಕಾಳುಗಳು ಹೊರಗೆ ಬಂದು ದಡದ ಉದ್ದಕ್ಕೂ ಹರಡಿದವು. ರಿಪೇರಿ ಮಾಡೋಣ ಅಂದರೆ ಸೀಳು ಇರುವುದು ಅಡಿಯಲ್ಲಿ, ಮೇಲೆ ಆರು ಟನ್. ಕ್ರೇನ್ ಇಳಿಯುವ ದಾರಿಯೂ ಅಲ್ಲಿಲ್ಲ. ನೀರು ಹೆಚ್ಚು ಏರಿಳಿಯದ ಸ್ವಂತ ಕೆರೆ ಇದ್ದವರು ಇದನ್ನೇ ಮಾಡಿಸಿ, ನಾನೇ ಹೇಳುತ್ತೇನೆ. ಹಿನ್ನೀರಿಗೆ ಬೇಡ.

ಕ್ಯೂಬುಗಳು ಸ್ನಾನದ ಜೆಟ್ಟಿಗೆ, ದೋಣಿ ಕಟ್ಟಲಿಕ್ಕೆ ಚೆಂದ. ಅಲೆಯ ಜೊತೆ ಬಾಗುವುದೇ ಅವುಗಳ ಗುಣ. ಮೇಲೆ ಕೋಣೆ ಕಟ್ಟಿದರೆ ಬಾಗಿಲು ಒಂದು ದಿನ ಹಾಕಿಕೊಳ್ಳುತ್ತದೆ, ಒಂದು ದಿನ ಇಲ್ಲ. ಬೆಲೆಯಂತೂ ಕೇಳಬೇಡಿ.

ಬಿದಿರಿನ ತೆಪ್ಪ ಒಂದೆರಡು ವರ್ಷದ ಮಾತು.

ಕೇರಳದ ಕೆಟ್ಟುವಳ್ಳಂ ಥರದ ಮರದ ದೋಣಿಯನ್ನು ತರಿಸಬಹುದು. ಆಗಾಗ ಮೇಲೆಳೆದು ಹುರಿ ಬಿಗಿದು ಎಣ್ಣೆ ಬಳಿಯಲು ಅಲ್ಲಿಯ ಕೆಲಸಗಾರರನ್ನೂ ಜೊತೆಗೇ ತರಿಸಬೇಕು.

ಬರೀ ಥರ್ಮೋಕೋಲ್ ದಿಂಡುಗಳನ್ನು ಪ್ಲಾಸ್ಟಿಕ್ ಶೀಟಿನಲ್ಲಿ ಸುತ್ತಿ ತುರುಕುವವರೂ ಇದ್ದಾರೆ. ಇಲಿ ಕೊರೆಯುತ್ತದೆ, ಇರುವೆ ಗೂಡು ಕಟ್ಟುತ್ತದೆ, ದೋಣಿಯ ಎಂಜಿನ್ನಿನ ಪೆಟ್ರೋಲ್ ತಾಗಿದರೆ ಕರಗಿಯೇ ಹೋಗುತ್ತದೆ. ಸುಮ್ನೆ ಬಿಟ್ಟುಬಿಡಿ.

ಇನ್ನು ನನ್ನ ಡ್ರಮ್ಮು. ಇದಕ್ಕೂ ಒಂದು ಕಾಟ ಇದೆ. ತಲೆ ಕೆಡಿಸುವ ಕಾಟ. ಮುಚ್ಚಳದ್ದು.

ಡ್ರಮ್ಮಿನಲ್ಲಿ ಎರಡು ಜಾತಿ. ಇಡೀ ಬಾಯಿ ತೆರೆಯುವ, ಪಟ್ಟಿ ಹಾಕಿ ಬಿಗಿಯುವ ಜಾತಿ ಒಂದು. ಅದನ್ನು ಮುಟ್ಟಲೇಬೇಡಿ. ಇನ್ನೊಂದು, ಮೇಲಿನ ತಟ್ಟೆಯಲ್ಲಿ ತಿರುಪಿನ ಎರಡು ಸಣ್ಣ ಮುಚ್ಚಳ ಇರುವುದು. ಇದೇ ಬೇಕು. ಆದರೆ ಆ ಎರಡು ಮುಚ್ಚಳ ಇರುವುದು ಎದುರುಬದುರು ಅಂಚಿನಲ್ಲಿ. ಡ್ರಮ್ಮನ್ನು ಅಡ್ಡ ಮಲಗಿಸಿದರೆ ಒಂದು ಮೇಲೆ ಬಂತು ಅಂದರೆ ಇನ್ನೊಂದು ನೀರೊಳಗೆ. ಎರಡನ್ನೂ ಸಮ ಮಾಡಿ ಇಟ್ಟರೆ ಎರಡೂ ನೀರಿನ ಗೆರೆಯಲ್ಲೇ. ನಿಲ್ಲಿಸಿ ಹಾಕಿದರೆ ಎರಡೂ ಮೇಲಿರುತ್ತವೆ, ಸರಿ. ಆಗ ಅರ್ಧ ಮುಳುಗಿದ ಡ್ರಮ್ ಒಂದೂವರೆ ಅಡಿ ಆಳಕ್ಕೆ ಹೋಗುತ್ತದೆ, ಮಲಗಿಸಿದರೆ ಒಂದೇ ಅಡಿ. ಬೊಡ್ಡೆಗಳಿರುವ ಕಡೆ ಆ ಅರ್ಧ ಅಡಿಗೂ ಬೆಲೆ ಇದೆ. ನಾನು ಮಲಗಿಸಿಯೇ ಹಾಕಿದ್ದೇನೆ.

ಮುಚ್ಚಳ ಗಟ್ಟಿಯಾಗಿ ಬಿಗಿದಿದ್ದೇನೆ, ನೀರು ಹೇಗೆ ಹೋಗುತ್ತದೆ ಅಂತ ನೀವು ಕೇಳಬಹುದು. ಮಧ್ಯಾಹ್ನದ ಬಿಸಿಲಲ್ಲಿ ಡ್ರಮ್ ಕಾದಿರುತ್ತದೆ, ಒಳಗಿನ ಗಾಳಿಯೂ ಕಾದಿರುತ್ತದೆ. ಆಗ ಮುಚ್ಚಳ ಹಾಕಿ ತಣ್ಣನೆ ನೀರಿಗೆ ಬಿಡುತ್ತೀರಿ. ಗಾಳಿ ಕುಗ್ಗುತ್ತದೆ. 45 ಡಿಗ್ರಿಯಿಂದ 25ಕ್ಕೆ ಇಳಿದರೆ ಒಳಗಿನ ಒತ್ತಡ ನೂರಕ್ಕೆ ಆರರಷ್ಟು ಕಡಿಮೆ. ಅಂದರೆ ಎರಡಡಿ ನೀರಿನ ಕಂಬದಷ್ಟು ಎಳೆತ. ಡ್ರಮ್ಮಿನ ಹೊಟ್ಟೆ ಒಳಕ್ಕೆ ಹೋಗಿ ಸ್ವಲ್ಪ ಸರಿದೂಗಿಸುತ್ತದೆ. ಉಳಿದ ಎಳೆತ ತಿರುಪಿನ ಸಂದಿಯಿಂದ ನೀರನ್ನು ಹೀರುತ್ತದೆ. ಇದು ಒಂದು ದಿನದ್ದೂ ಅಲ್ಲ. ಅಂಚಿನ ಡ್ರಮ್ಮುಗಳಿಗೆ ಓರೆ ಬಿಸಿಲು ಬೀಳುತ್ತದೆ. ಹಗಲು ಕಾದು ಗಾಳಿ ಹೊರಗೆ, ರಾತ್ರಿ ತಣಿದು ನೀರು ಒಳಗೆ. ಡ್ರಮ್ಮು ಉಸಿರಾಡುತ್ತಲೇ ಇರುತ್ತದೆ, ಕುಡಿಯುತ್ತಲೇ ಇರುತ್ತದೆ. ಕೊನೆಗೊಂದು ದಿನ ಮಂಚದಲ್ಲಿ ಮಲಗಿದವರ ತಲೆ ಕೆಳಗೆ, ಕಾಲು ಮೇಲೆ. 32ರಲ್ಲಿ ಕುಡಿದವನು ಯಾರು ಅಂತ ಹುಡುಕಬೇಕು. ಹಲಗೆ ಎಬ್ಬಿಸಿ ಒಂದೊಂದನ್ನೇ ತಟ್ಟುತ್ತಾ ಸದ್ದು ಕೇಳುವುದು. ಪ್ರವಾಸಿಗರು ನೋಡಿ ನಗುತ್ತಾರೆ.

ಇದಕ್ಕೆ ದಾರಿ ಸಿಕ್ಕಿದ್ದು ಪಂಚರ್ ಅಂಗಡಿಯಲ್ಲಿ. ಕೆಳಗಿನ ಮುಚ್ಚಳಕ್ಕೆ ತಿರುಪಿನ ಮೇಲೆ ಟೆಫ್ಲಾನ್ ಟೇಪು ಸುತ್ತಿ, ಬಿಗಿದು, ಮೇಲಿಂದ ಪ್ಲಾಸ್ಟಿಕ್ ವೆಲ್ಡ್ ಮಾಡಿಸಿಬಿಟ್ಟೆ. ಇನ್ನು ಅದು ತೆರೆಯುವುದಿಲ್ಲ, ತೆರೆಯುವುದು ಬೇಡ. ಮೇಲಿನ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದೆ. ಮುಚ್ಚಳ ಹಾಕುವುದು ಬೆಳಗಿನ ತಂಪಿನಲ್ಲಿ. ಹಾಕಿದ ಮೇಲೆ ಸೈಕಲ್ ಪಂಪಿನಿಂದ ಸ್ವಲ್ಪ ಗಾಳಿ. ಹೊಟ್ಟೆ ಉಬ್ಬುವಷ್ಟು ಬೇಡ, ಕೈಯಿಂದ ಒತ್ತಿದರೆ ಗಟ್ಟಿ ಅನ್ನಿಸಿದರೆ ಸಾಕು. ಒಳಗೆ ಒತ್ತಡ ಇದ್ದರೆ ರಾತ್ರಿ ತಣಿದರೂ ಎಳೆತ ಹುಟ್ಟುವುದಿಲ್ಲ. ಇದರಲ್ಲಿ ಇನ್ನೊಂದು ಲಾಭ. ಆಗಾಗ ಹೋಗಿ ವಾಲ್ವಿನ ಪಿನ್ ಒತ್ತಿ ನೋಡುತ್ತೇನೆ. ಬುಸ್ ಅಂದರೆ ಡ್ರಮ್ ಆರೋಗ್ಯವಾಗಿದೆ, ಒಂದೆರಡು ಸಲ ಪಂಪು ಹೊಡೆದು ಮುಂದಕ್ಕೆ ಹೋಗುವುದು. ಸದ್ದಿಲ್ಲದಿದ್ದರೆ ಕುಡಿಯುವವನು ಅವನೇ. ಇದಕ್ಕಾಗಿ ಹಲಗೆಗಳ ನಡುವೆ ಕೈ ತೂರುವಷ್ಟು ಕಿಂಡಿ ಬಿಟ್ಟಿದ್ದೇನೆ.

ಕೆಟ್ಟದ್ದನ್ನು ಬದಲಿಸುವುದೂ ಸಲೀಸು. ಡ್ರಮ್ಮುಗಳನ್ನು ಹಗ್ಗದಿಂದ ಕಟ್ಟಿಲ್ಲ, ಹಗ್ಗ ಸಡಿಲವಾಗುತ್ತದೆ. ಆಂಗಲ್ಲಿನ ಪಂಜರ ಮಾಡಿ ಪಕ್ಕದಿಂದ ತಳ್ಳುವ ಹಾಗೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಅಟ್ಟಣೆ ದಡದ ಮೇಲೆ ಕೂತಾಗ ಅಡ್ಡಪಟ್ಟಿಯ ಬೋಲ್ಟ್ ಬಿಚ್ಚಿ, ಹಳೆಯದನ್ನು ಎಳೆದು, ಹೊಸದನ್ನು ತುರುಕಿದರೆ ಆಯ್ತು. ಭಾವನ ತೊಟ್ಟಿಯನ್ನು ಸೀಳಿದ್ದೂ ಅದೇ ಇಳಿಯುವ ನೀರು, ನನಗೆ ರಿಪೇರಿಗೆ ಜಾಗ ಮಾಡಿಕೊಡುವುದೂ ಅದೇ. ಮಳೆಗಾಲದ ನಡುವೆ ಬದಲಿಸಲೇಬೇಕಾದರೆ ಹೊಸ ಡ್ರಮ್ಮಿಗೆ ನೀರು ತುಂಬಿ ಅಡಿಗೆ ತಳ್ಳಬೇಕು. ಖಾಲಿ ಡ್ರಮ್ಮನ್ನು ನೀರೊಳಗೆ ಅದುಮಲು ಯಾರಿಂದಲೂ ಆಗದು. ಜಾಗದಲ್ಲಿ ಕೂತ ಮೇಲೆ ಒಳಗಿನ ನೀರನ್ನು ಪಂಪಿನಿಂದ ಹೊರತೆಗೆಯುವುದು. ಅದು ಇಬ್ಬರು ಈಜುಗಾರರ ಅರ್ಧ ದಿನದ ಕೆಲಸ. ಬೇಸಿಗೆಗೆ ಕಾಯುವುದೇ ಮೇಲು. 32ರಲ್ಲಿ ಒಂದು ಹೋದರೆ ಕೋಣೆಗೇನೂ ಆಗುವುದಿಲ್ಲ.

ಹಾಗಂತ ಎಲ್ಲರಿಗೂ ಡ್ರಮ್ಮೇ ಸರಿ ಅನ್ನಲಾರೆ. ನಾನು ದಡದಲ್ಲೇ ಇರುವವನು. ಬೆಳಿಗ್ಗೆ ಕಾಫಿ ಕುಡಿದು ಪಾನಾ ಹಿಡಿದು ಅಟ್ಟಣೆ ಸುತ್ತುವುದು ನನಗೆ ಅಭ್ಯಾಸ. ಬೆಂಗಳೂರಲ್ಲಿದ್ದು ರಜೆಗೆ ಮಾತ್ರ ಬರುವವರಾದರೆ ಪ್ರತಿ ಡ್ರಮ್ಮಿನೊಳಗೂ ಥರ್ಮೋಕೋಲ್ ತುಂಡು ತುಂಬಿಸಿ. ನೀರು ಹೋದರೂ ಪೂರ್ತಿ ತುಂಬುವುದಿಲ್ಲ. ಸಣ್ಣ ಬಾಯಿಯಿಂದ ತುಂಬಿಸುವುದು ತಾಳ್ಮೆಯ ಕೆಲಸ, ಕೂಲಿಯೂ ಬೀಳುತ್ತದೆ. ಅಷ್ಟಾದರೂ ಕಬ್ಬಿಣದ ಅರ್ಧ ಖರ್ಚಾಗುವುದಿಲ್ಲ. ಹಳೆಯ ಡ್ರಮ್ ಒಂದಕ್ಕೆ ನಾನು ಕೊಟ್ಟದ್ದು ಸಾವಿರ ರೂಪಾಯಿ ಆಚೀಚೆ.

ಹಳೆಯದನ್ನು ಕೊಳ್ಳುವಾಗ ಮೂಗು ಬಳಸಿ. ಔಷಧಿ, ಆಸಿಡ್ ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ. ಈ ನೀರನ್ನು ದನ ಕುಡಿಯುತ್ತವೆ, ಊರೂ ಕುಡಿಯುತ್ತದೆ. ತಿನ್ನುವ ಪದಾರ್ಥ ಬಂದಿದ್ದ ಡ್ರಮ್ಮನ್ನೇ ಕೇಳಿ. ಎರಡೂ ಮುಚ್ಚಳದ ರಬ್ಬರ್ ರಿಂಗ್ ಇದೆಯಾ ಅಂತ ತೆಗೆದು ನೋಡಿ. ಬಿಸಿಲಿಗೆ ಬಿದ್ದು ಬಣ್ಣ ಬೆಳ್ಳಗಾಗಿದ್ದರೆ ಉಗುರಿನಿಂದ ಕೆರೆಯಿರಿ, ಪುಡಿ ಉದುರಿದರೆ ಅಲ್ಲೇ ಬಿಟ್ಟು ಬನ್ನಿ. ಒಂದೇ ಅಳತೆಯವನ್ನೇ ಆರಿಸಿ, ಮತ್ತೆ ನಾಲ್ಕು ಹೆಚ್ಚಿಗೆ ತಂದು ಕೊಟ್ಟಿಗೆಯಲ್ಲಿಡಿ. ಮುಂದಿನ ವರ್ಷ ಹೋದರೆ ಅದೇ ಅಳತೆ ಸಿಗುವುದಿಲ್ಲ, ಪಂಜರ ಮಾತ್ರ ಹಳೆಯ ಅಳತೆಯದ್ದೇ ಇರುತ್ತದೆ.