ಮಕ್ಕಳ ಕಿಡ್ನಿ ಸ್ಕ್ಯಾನಿಗೆ ದಾವಣಗೆರೆಯಲ್ಲೊಂದು ಒಳ್ಳೆ ಜಾಗ

ಮಗಳಿಗೆ ಮೂತ್ರದ ಸೋಂಕು ಮತ್ತೆ ಬಂತು. ಮಕ್ಕಳ ಡಾಕ್ಟರು ಅಲ್ಟ್ರಾಸೌಂಡ್ ಬರೆದುಕೊಟ್ಟರು. ಪಿ.ಜೆ. ಬಡಾವಣೆಯ ಈ ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು. ಮೂತ್ರಚೀಲ ತುಂಬಿರಬೇಕಲ್ವಾ, ನೀರು ಕುಡಿಸಿ ಕೂರಿಸಿದರು. ಜೆಲ್ ಬೆಚ್ಚಗೆ ಮಾಡಿ ಹಚ್ಚಿದ್ದು ನನಗೆ ತುಂಬಾ ಹಿಡಿಸಿತು, ಮಗು ಬೆಚ್ಚಿಬೀಳಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು ಸ್ಕ್ರೀನ್ ನಮ್ಮ ಕಡೆ ತಿರುಗಿಸಿ, "ನೋಡಮ್ಮ, ಈ ಕಪ್ಪಗಿರೋದು ಮೂತ್ರ. ಎಡಗಡೆ ಕಿಡ್ನಿಯಲ್ಲಿ ಸ್ವಲ್ಪ ಜಾಸ್ತಿ ನಿಂತಿದೆ" ಎಂದರು. ಮೂತ್ರ ಮಾಡಿಸಿ ಇನ್ನೊಮ್ಮೆ ನೋಡಿದರು. ಇದರಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ. ಆದರೆ ಮೂತ್ರ ಕಿಡ್ನಿಗೆ ವಾಪಸ್ ಏರುವ ತೊಂದರೆ ಇದರಲ್ಲಿ ಕಾಣದೇ ಇರಬಹುದು, ಅದಕ್ಕೆ ಎಂಸಿಯುಜಿ (ಮೂತ್ರಚೀಲಕ್ಕೆ ನಳಿಗೆಯಿಂದ ದ್ರವ ತುಂಬಿಸಿ, ಮೂತ್ರ ಮಾಡುವಾಗ ತೆಗೆಯುವ ಎಕ್ಸ್‌ರೇ) ಬೇಕಾಗಬಹುದು ಎಂದೂ ಹೇಳಿದರು. ಹೀಗೆ ಬಿಡಿಸಿ ಹೇಳುವವರು ಕಡಿಮೆ. ಟಾಯ್ಲೆಟ್ ಮಾತ್ರ ಮೇಲಿನ ಮಹಡಿಯಲ್ಲಿದೆ. ಮೂತ್ರಚೀಲ ತುಂಬಿದ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕು, ದಯವಿಟ್ಟು ಕೆಳಗೊಂದು ಮಾಡಿಸಿ.