ಎರಡು ಔಷಧಿಯ ಸೊಳ್ಳೆಪರದೆ: ಬಟ್ಟೆಗಿಂತ ಮೊದಲು ಲೇಬಲ್ ನೋಡಿ

ಮಲೇರಿಯಾ ಇರುವ ಊರುಗಳಲ್ಲಿ ತಿಂಗಳುಗಟ್ಟಲೆ ತಂಗುವ ಕೆಲಸ ನನ್ನದು. ಈಗ ಬಳಸುತ್ತಿರುವುದು ಆಲ್ಫಾ-ಸೈಪರ್‌ಮೆಥ್ರಿನ್ ಜೊತೆಗೆ ಕ್ಲೋರ್‌ಫೆನಾಪಿರ್ ಎಂಬ ಇನ್ನೊಂದು ಕೀಟನಾಶಕವನ್ನೂ ಲೇಪಿಸಿರುವ ಪರದೆ.

ದೂರು ಮೊದಲು ಹೇಳಿಬಿಡುತ್ತೇನೆ. ಹೊಸದರಲ್ಲಿ ಘಾಟು ವಾಸನೆ. ಪೊಟ್ಟಣದ ಮೇಲೆ ಬರೆದಂತೆ ಒಂದು ದಿನ ನೆರಳಲ್ಲಿ ಹರವದೆ ಒಳಗೆ ಮಲಗಿದರೆ ಕೆನ್ನೆ ಚುರುಗುಟ್ಟುತ್ತದೆ. ಮೂಲೆಯ ಕುಣಿಕೆಗಳು ತೀರಾ ಚಿಕ್ಕವು, ದಾರ ನಾವೇ ಕಟ್ಟಿಕೊಳ್ಳಬೇಕು. ಸೆಖೆ ಅಂತೂ ಯಾವ ಪರದೆಯೊಳಗಾದರೂ ಇದ್ದದ್ದೇ.

ಹಾಗಿದ್ದೂ ಹಳೆಯ ಡೆಲ್ಟಾಮೆಥ್ರಿನ್ ಪರದೆ ಬಿಟ್ಟು ಇದನ್ನೇ ಹಿಡಿದದ್ದು ಸೊಳ್ಳೆ ಬದಲಾಗಿದೆ ಅಂತ. ಡೆಲ್ಟಾಮೆಥ್ರಿನ್, ಆಲ್ಫಾ-ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಸೊಳ್ಳೆಯ ನರದಲ್ಲಿ ಸಂದೇಶ ಸಾಗಿಸುವ ಸೋಡಿಯಂ ಚಾನಲ್ ಎಂಬ ಬಾಗಿಲಿಗೆ ಅಂಟಿಕೊಂಡು ಸೊಳ್ಳೆಯನ್ನು ಕೆಡವುತ್ತವೆ. ಆ ಚಾನಲ್‌ನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಔಷಧಿ ಸರಿಯಾಗಿ ಅಂಟುವುದಿಲ್ಲ. ಇದೇ ಕೆಡಿಆರ್ (ನಾಕ್‌ಡೌನ್ ರೆಸಿಸ್ಟೆನ್ಸ್), ಅಂದರೆ ಔಷಧಿಗೆ ಬೀಳದಿರುವ ಗುಣ. ಮಾಲಿ ದೇಶದಲ್ಲಿ ಅನಾಫಿಲಿಸ್ ಗ್ಯಾಂಬಿಯೆ ಮತ್ತು ಅನಾಫಿಲಿಸ್ ಕೊಲುಝಿ ಎಂಬ ಮಲೇರಿಯಾ ಹರಡುವ ಎರಡು ಸೊಳ್ಳೆ ಜಾತಿಗಳು ಬೆರೆತು, ಮೊದಲನೆಯದರ ಈ ಗುಣ ಎರಡನೆಯದಕ್ಕೂ ದಾಟಿತು. ಅದೂ ಪರದೆ ಹಂಚಿಕೆ ಜೋರಾದ ಹೊತ್ತಿಗೇ!

ಇನ್ನು ಕೆಲವು ಸೊಳ್ಳೆಗಳು ಪಿ450 ಎಂಬ ಕಿಣ್ವಗಳನ್ನು ಹೆಚ್ಚೆಚ್ಚು ತಯಾರಿಸಿಕೊಂಡು ವಿಷವನ್ನೇ ಒಡೆದುಹಾಕುತ್ತವೆ. ಕ್ಲೋರ್‌ಫೆನಾಪಿರ್ ನನಗೆ ಹಿಡಿಸಿದ್ದು ಇಲ್ಲೇ. ಅದು ನಿಜವಾದ ವಿಷವಾಗುವುದೇ ಆ ಕಿಣ್ವಗಳ ಕೈಗೆ ಸಿಕ್ಕ ಮೇಲೆ. ಸೊಳ್ಳೆ ತನ್ನ ರಕ್ಷಣೆಗೆಂದು ಇಟ್ಟುಕೊಂಡದ್ದೇ ಅದಕ್ಕೆ ಮುಳುವು. ಏಟು ಬೀಳುವುದೂ ನರಕ್ಕಲ್ಲ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಕ್ಕೆ. ಆದರೆ ಸಾಯಲು ಎರಡು ಮೂರು ದಿನ ಹಿಡಿಯಬಹುದು, ಹಾಗಾಗಿ ಬೆಳಿಗ್ಗೆ ಎದ್ದು ಪರದೆಯಡಿ ಸತ್ತ ಸೊಳ್ಳೆ ಎಣಿಸಿ ತೀರ್ಪು ಕೊಡಬೇಡಿ. ಟಾಂಜಾನಿಯಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು: ಬರೀ ಪೈರೆಥ್ರಾಯ್ಡ್ ಪರದೆಗೆ ಹೋಲಿಸಿದರೆ ಎರಡು ವರ್ಷದಲ್ಲಿ ಮಕ್ಕಳ ಮಲೇರಿಯಾ 44% ಕಡಿಮೆ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಈ ಬಗೆಯ ಪರದೆಯನ್ನು ಶಿಫಾರಸು ಮಾಡಿತು.

ಪೈರೆಥ್ರಾಯ್ಡ್ ಜೊತೆ ಪಿಬಿಒ (ಪೈಪರೋನಿಲ್ ಬ್ಯುಟಾಕ್ಸೈಡ್) ಎಂಬ ರಾಸಾಯನಿಕ ಬೆರೆಸಿದ ಪರದೆಗಳೂ ಇವೆ. ಪಿಬಿಒ ಅದೇ ಕಿಣ್ವಗಳನ್ನು ಕಟ್ಟಿಹಾಕುತ್ತದೆ, ಆದರೆ ಬಳಸುತ್ತಾ ಒಗೆಯುತ್ತಾ ಬೇಗ ಕರಗುತ್ತದೆ. ಕ್ಲೋರ್‌ಫೆನಾಪಿರ್ ಪರದೆ ಸಿಗದಿದ್ದರೆ ಮಾತ್ರ ಪಿಬಿಒ ಪರದೆ. ಎರಡೂ ಇಲ್ಲದೆಡೆ ಹಳೇ ಬಗೆಯದೇ ಕಟ್ಟಿ. ತೂತಿಲ್ಲದಿದ್ದರೆ ಬಟ್ಟೆಯಾದರೂ ತಡೆಯುತ್ತದೆ.

ಸಂಜೆ ಹೊರಗೆ ಕೂತಾಗ ಕಚ್ಚುವ ಸೊಳ್ಳೆಗೆ ಇದರಿಂದ ಏನೂ ಆಗದು, ಅದು ಬೇರೆ ಮಾತು. ಒಗೆಯುವಾಗ ಮೆದು ಸೋಪು ಸಾಕು, ಬ್ಲೀಚ್ ಬೇಡ, ನೆರಳಲ್ಲೇ ಒಣಗಿಸಿ. ಹೊಳೆ, ಕೆರೆಯಲ್ಲಂತೂ ಅದ್ದಲೇಬೇಡಿ, ಈ ಔಷಧಿ ಮೀನಿಗೆ ವಿಷ.