‘ಬ್ಯಾಲೆನ್ಸ್ ಗುಡ್’ ಅಂತ ಬರೆದ ಹಾಳೆ ನಂಬಿ ಬಿದ್ದೆ

ಬೆನ್ನುಹುರಿಗೆ ಪೆಟ್ಟಾಗಿ ಐದು ತಿಂಗಳಾಗಿತ್ತು. ನನ್ನದು ಟಿ4, ಅಂದರೆ ಬೆನ್ನುಹುರಿಯ ಎದೆ ಭಾಗದಲ್ಲಿ ಮೇಲಿಂದ ನಾಲ್ಕನೇ ಮಟ್ಟ. ಎದೆಯ ಮಧ್ಯದಿಂದ ಕೆಳಗೆ ಮುಟ್ಟಿದರೂ ಗೊತ್ತಾಗಲ್ಲ, ಹಿಡಿತವೂ ಇಲ್ಲ. ಮನೆಗೆ ಕಳಿಸುವ ಮುಂಚೆ ಕೂರುವ ಬ್ಯಾಲೆನ್ಸ್ ನೋಡಬೇಕು ಅಂತ ಒಬ್ಬ ಫಿಸಿಯೋ ಬಂದರು. ನಾನು ವೀಲ್‌ಚೇರ್‌ನಲ್ಲೇ ಒರಗಿ ಕೂತಿದ್ದೆ. ಎರಡೂ ಕೈ ತೊಡೆ ಮೇಲೆ ಊರಿಕೊಂಡಿದ್ದೆ. ಅರ್ಧ ನಿಮಿಷ ನೋಡಿದರು. “ಅಲ್ಲಾಡ್ತಾನೇ ಇಲ್ಲ, ಚೆನ್ನಾಗಿದೆ” ಅಂದರು. ಹಾಳೆಯಲ್ಲಿ ‘ಗುಡ್’ ಅಂತ ಬರೆದು ಹೊರಟರು. ನಿಜ ಹೇಳಬೇಕಂದ್ರೆ, ನನಗೂ ಖುಷಿಯೇ ಆಗಿತ್ತು.

ಮನೆಗೆ ಬಂದ ಒಂಬತ್ತನೇ ದಿನ ಟವಲ್ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳೋಣ ಅಂತ ಬಗ್ಗಿದೆ. ತೊಡೆಯಿಂದ ಒಂದು ಕೈ ತೆಗೆದಿದ್ದೇ ತಡ, ಮೈ ಮೂಟೆ ಥರ ಮುಂದಕ್ಕೆ ಮಗುಚಿಕೊಂಡಿತು. ತಡೆಯೋಕೆ ಹೊಟ್ಟೆಯ ಸ್ನಾಯು ಕೆಲಸ ಮಾಡಬೇಕಲ್ವಾ? ಮೊಣಕಾಲು ಮೊದಲು ನೆಲಕ್ಕೆ ಬಡಿಯಿತು. ನೋವೇನೂ ಇಲ್ಲ. ಹೆಂಡತಿ, ಭಾವಮೈದ ಸೇರಿ ಎತ್ತಿ ಕೂರಿಸಿದರು. ನಕ್ಕು ಸುಮ್ಮನಾದೆವು.

ಸಂಜೆ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಯಿತು. ಮುಖ ಕೆಂಪಾಯಿತು, ಕುತ್ತಿಗೆಯಿಂದ ಮೇಲೆ ಬೆವರೋ ಬೆವರು. ಬಿಪಿ ನೋಡಿದರೆ ಗಾಬರಿಯಾಗುವಷ್ಟು ಏರಿತ್ತು. ಆಸ್ಪತ್ರೆಯಲ್ಲಿ ಪ್ಯಾಂಟ್ ಬಿಚ್ಚಿದಾಗಲೇ ಊದಿದ ತೊಡೆ ಕಣ್ಣಿಗೆ ಬಿದ್ದಿದ್ದು. ಮೊಣಕಾಲಿನ ಸ್ವಲ್ಪ ಮೇಲೆ ಮೂಳೆ ಮುರಿದಿತ್ತು. ಪೆಟ್ಟು ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ, ಕೆಳಗಿನ ನೋವು ನಮಗೆ ತಿಳಿಯದಿದ್ದರೂ ಬಿಪಿಯನ್ನು ಹೀಗೆ ಏರಿಸಬಹುದು. ಪ್ರಾಣಕ್ಕೇ ಕುತ್ತು. ಸುಮ್ನೆ ತಲೆನೋವಿನ ಮಾತ್ರೆ ನುಂಗಿ ಮಲಗಬೇಡಿ. ಮೊದಲು ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಟ್ಯೂಬ್ ಮಡಚಿದೆಯಾ ನೋಡಿ, ತಕ್ಷಣ ಆಸ್ಪತ್ರೆಗೆ ಓಡಿ.

ಮೂಳೆ ಕೂಡಿದ ಮೇಲೆ ಇನ್ನೊಬ್ಬ ಫಿಸಿಯೋ ನೋಡಿದರು. ಗಟ್ಟಿ ಮಂಚದ ಅಂಚಿನಲ್ಲಿ ಕೂರಿಸಿದರು. ಬೆನ್ನಿಗೆ ಏನೂ ಇಲ್ಲ, ಪಾದ ನೆಲದ ಮೇಲೆ. ಅವರು ಎದುರಿಗೇ ಕೈ ಚಾಚಿ ನಿಂತರು, ಹಿಂದೆ ಇನ್ನೊಬ್ಬರು. ಮೊದಲು ಒಂದು ಕೈ ಎತ್ತಿಸಿದರು, ಆಮೇಲೆ ಎರಡೂ. ಕಣ್ಣು ಮುಚ್ಚಿಸಿದರು. ಎದೆಗೆ, ಬೆನ್ನಿಗೆ, ಪಕ್ಕಕ್ಕೆ ಮೆಲ್ಲಗೆ ತಳ್ಳಿದರು. ಎರಡು ಕೈ ಎತ್ತಿದ ಮೂರನೇ ಸೆಕೆಂಡಿಗೆ ನಾನು ಅವರ ತೋಳಿನ ಮೇಲಿದ್ದೆ! ಇವುಗಳಲ್ಲಿ ಕೆಲವು ಫಿಸ್ಟ್ ಅನ್ನೋ, ಕೂರುವ ಬ್ಯಾಲೆನ್ಸ್ ಅಳೆಯುವ ಪರೀಕ್ಷೆಯವು. ಅದರಲ್ಲಿ 14 ಕೆಲಸ, ಒಂದೊಂದಕ್ಕೂ 0ರಿಂದ 4, ಒಟ್ಟು 56 ಅಂಕ. ಕೈ ಊರಿಕೊಂಡು ಮಾಡಿದರೆ ಪೂರ್ತಿ ಅಂಕ ಕೊಡಲ್ಲ. ಆ 14ರಲ್ಲಿ ನೆಲದಿಂದ ವಸ್ತು ಎತ್ತೋದೂ ಒಂದು. ನನ್ನ ಟವಲ್! ಕೇಳಿ ಹೊಟ್ಟೆ ಉರಿಯಿತು.

ಹಾಗಾಗಿ ಯಾರಾದರೂ ಒರಗಿ ಕೂತವರನ್ನೇ ನೋಡಿ ‘ಚೆನ್ನಾಗಿದೆ’ ಅಂದರೆ, “ಕೈ ಬಿಟ್ಟು, ಒರಗದೆ ನೋಡ್ತೀರಾ?” ಅಂತ ಕೇಳಿ. ಹಿಡಿಯೋಕೆ ಜನ ಇದ್ದಾಗ ಮಾತ್ರ. ಮನೆಯಲ್ಲಿ ನೀವೇ ಪ್ರಯೋಗ ಮಾಡೋಕೆ ಹೋಗಬೇಡಿ. ಕೂತ ತಕ್ಷಣ ತಲೆ ಸುತ್ತಿದರೆ ಅದನ್ನೂ ಹೇಳಿ, ನಮ್ಮಂಥವರಿಗೆ ಕೂತಾಗ ಬಿಪಿ ಇಳಿಯೋದೂ ಉಂಟು.

ಈಗಲೂ ಟವಲ್ ಬೀಳುತ್ತೆ. ಒಂದು ತೋಳನ್ನು ಚೇರಿನ ಹಿಂದಿನ ಹಿಡಿಕೆಗೆ ಸಿಕ್ಕಿಸಿಕೊಂಡು ಇನ್ನೊಂದು ಕೈಯಲ್ಲಿ ಎತ್ತಿಕೊಳ್ತೀನಿ. ಆಗದಿದ್ದರೆ ಹೆಂಡತಿಯನ್ನು ಕೂಗ್ತೀನಿ.